ದಾನ ಕಂಪ್ಯೂಟರಿನದು, ಕಾಗದಪತ್ರದ್ದಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಸಹಕಾರಿ ಸಂಘಗಳಿಗೆ ಬರವಿಲ್ಲ. ಹುಕ್ಕೇರಿಯಲ್ಲಂತೂ ಕರೆಂಟು ಹಂಚುವುದೂ 1969ರಲ್ಲಿ ಹುಟ್ಟಿದ ಸಹಕಾರಿ ಸಂಘವೇ. ಸಾಲದ ಅರ್ಜಿ, ಪಹಣಿ, ಆಧಾರ್ ಪ್ರತಿ ಈಗ ಕಂಪ್ಯೂಟರ್ ಸೇರುವ ಕಾಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹಾಗಾಗಿ ಸಂಘಗಳಿಗೆ ಹಳೆಯ ಯಂತ್ರಗಳನ್ನು ಶಾಲೆಗೆ ಕೊಡುವ ಯೋಚನೆ ಬರುವುದು ಸಹಜ. ಒಳ್ಳೆಯದೇ. ಆದರೆ ಅವುಗಳೊಳಗಿನ ರೈತರ ವಿವರ ದಾನಕ್ಕಲ್ಲ.

ಡಿಲೀಟ್ ಒತ್ತುವುದೆಂದರೆ ಪುಸ್ತಕದ ಪರಿವಿಡಿ ಹರಿದಂತೆ. ಪುಟಗಳು ಹಾಗೇ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಪುಕ್ಕಟೆ ತಂತ್ರಾಂಶವೇ ಕಡತಗಳನ್ನು ಮೇಲೆತ್ತಬಲ್ಲದು. ಈಗಿನ ಹಾರ್ಡ್ ಡಿಸ್ಕಿಗೆ ಪೂರ್ತಿಯಾಗಿ ಒಂದು ಸಲ ಸೊನ್ನೆ ಬರೆದರೆ ಸಾಕು. ಏಳು ಸಲ ಬರೆಯಬೇಕೆಂಬುದು ಹಳೆಯ ನಂಬಿಕೆ. ಎಸ್‌ಎಸ್‌ಡಿಗೆ ಈ ಮದ್ದು ನಾಟದು, ಸೆಕ್ಯೂರ್ ಇರೇಸ್ ಆಜ್ಞೆಯೇ ಬೇಕು. ಕೆಟ್ಟು ನಿಂತ ಡಿಸ್ಕನ್ನು ಬಿಚ್ಚಿ ಪುಡಿ ಮಾಡಿಸಿ.

ಇದು ಅತಿಯಾಯಿತೇ? ಅಮೆರಿಕದ ಹಣಕಾಸು ಸಂಸ್ಥೆ ಮಾರ್ಗನ್ ಸ್ಟ್ಯಾನ್ಲಿಯ ಗ್ರಾಹಕರ ವಿವರವಿದ್ದ ಹಳೆಯ ಯಂತ್ರಗಳು ಅಳಿಸದೆಯೇ ಆನ್‌ಲೈನ್ ಹರಾಜಿಗೆ ಬಂದವು. ಇದಕ್ಕಾಗಿ ಆ ಸಂಸ್ಥೆ 2022ರಲ್ಲಿ 3.5 ಕೋಟಿ ಡಾಲರ್ ದಂಡ ತೆರಬೇಕಾಯಿತು. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ 250 ಕೋಟಿ ರೂಪಾಯಿವರೆಗೆ ದಂಡವಿದೆ.

ಆಡಳಿತ ಮಂಡಳಿಗಳು ದಾನದ ಠರಾವಿನಲ್ಲೇ ಡಿಸ್ಕಿನ ಕ್ರಮಸಂಖ್ಯೆ, ಅಳಿಸಿದ ದಿನಾಂಕ, ಅಳಿಸಿದವರ ಸಹಿ ದಾಖಲಿಸಲಿ.