ನಜೀರ್ ಸಾಬರನ್ನು ಬೋರ್‌ವೆಲ್ಲಿನಲ್ಲಿ ಹೂತವರು

ಇತ್ತೀಚೆಗೆ ತಾಲೂಕು ಕೇಂದ್ರವೊಂದರಲ್ಲಿ ನಡೆದ ಸೌಹಾರ್ದ ಸಭೆಗೆ ನಮ್ಮನ್ನೂ ಕರೆದಿದ್ದರು. ವೇದಿಕೆಯ ಮೇಲೆ ಶಾಸಕರಿದ್ದರು, ಸ್ವಾಮೀಜಿಯೊಬ್ಬರಿದ್ದರು, ಮೌಲಾನಾ ಸಾಹೇಬರಿದ್ದರು. ಕತೆ ಬರೆಯುವವರೆಂಬ ಕಾರಣಕ್ಕೆ ತುದಿಯ ಕುರ್ಚಿ ನಮಗೆ. ಶಾಸಕರು ಮಾತಿನ ನಡುವೆ ನಮ್ಮ ಕಡೆ ತಿರುಗಿ, ನಿಮ್ಮವರೆಲ್ಲ ನೀರ್‌ಸಾಬರಂತೆ ಇದ್ದುಬಿಟ್ಟರೆ ಜಗಳವೇ ಇರುವುದಿಲ್ಲ ಎಂಬರ್ಥದ ಮಾತಾಡಿದರು. ಜೋರು ಚಪ್ಪಾಳೆ ಬಿತ್ತು. ಮೌಲಾನಾ ಸಾಹೇಬರೂ ತಟ್ಟಿದರು. ನಾವೂ ತಟ್ಟಿದೆವು. ಆ ನಾಚಿಕೆಯೇ ಈ ಲೇಖನವನ್ನು ಬರೆಸುತ್ತಿದೆ.

ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಬರಗಾಲದ ವರ್ಷಗಳವು. ಕೊಳವೆಬಾವಿ, ಕೈಪಂಪುಗಳು ಹಳ್ಳಿ ಹಳ್ಳಿಗೆ ಹೋದವು. ಜನ ಪ್ರೀತಿಯಿಂದ ಅವರನ್ನು ನೀರ್‌ಸಾಬ್ ಎಂದರು. 1988ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ಗೆ ಬಲಿಯಾದರು. ಇಷ್ಟು ಎಲ್ಲರಿಗೂ ಗೊತ್ತು. ಇಷ್ಟೇ ಗೊತ್ತಿರಲಿ ಎಂದು ಬಯಸುವವರೂ ಇದ್ದಾರೆ, ನಮ್ಮ ತಕರಾರು ಅವರ ಜೊತೆ.

ನೀರಿನ ಮಾತನ್ನು ನಾವು ಹಗುರ ಮಾಡುತ್ತಿಲ್ಲ. ನಮ್ಮದು ಬಯಲುಸೀಮೆಯ ಹಳ್ಳಿ. ಬೋರು ಕೊರೆಯುವ ಲಾರಿ ಬಂದಾಗ ನಾವಿನ್ನೂ ಉರ್ದು ಶಾಲೆಯಲ್ಲಿ ಅಲಿಫ್-ಬೇ ತಿದ್ದುತ್ತಿದ್ದೆವು. ಉಸ್ತಾದರು ಶಾಲೆ ಬಿಟ್ಟುಬಿಟ್ಟರು. ಹಿಡಿದಿಟ್ಟರೂ ನಿಲ್ಲುವ ಮಕ್ಕಳು ಯಾರೂ ಇರಲಿಲ್ಲ. ಬೆಳಗ್ಗೆಯಿಂದ ಬಿಳಿ ಕಲ್ಲಿನ ಪುಡಿ ಮೋಡದಂತೆ ಎದ್ದಿತು. ಸಂಜೆಗೆ ಪುಡಿ ಕೆಸರಾಯಿತು, ಕೆಸರು ನೀರಾಯಿತು. ಪಂಪು ಕೂತದ್ದು ಸಾಬರ ಕೇರಿಗೂ ದಲಿತರ ಕೇರಿಗೂ ನಡುವೆ. ಅದಕ್ಕೆ ಮುಂಚೆ ಊರ ಬಾವಿಯ ಹತ್ತಿರ ದಲಿತ ಹೆಂಗಸರು ಯಾರಾದರೂ ಸೇದಿ ಹೊಯ್ಯಲಿ ಎಂದು ಕಾಯುತ್ತ ನಿಲ್ಲಬೇಕಿತ್ತು. ಹಾಗೆ ಕಾಯಿಸಿದವರಲ್ಲಿ ನಮ್ಮವರೂ ಇದ್ದರು, ಅದನ್ನು ಮುಚ್ಚಿಟ್ಟು ಏನಾಗಬೇಕು? ಪಂಪಿನ ಹಿಡಿಕೆಗೆ ಆ ಲೆಕ್ಕ ಗೊತ್ತಿರಲಿಲ್ಲ. ಹೆಗಲ ಜೋರು ಇದ್ದವರಿಗೆ ನೀರು ಕೊಟ್ಟಿತು.

ಆದರೆ ಅದೇ ಮಂತ್ರಿಯ ಮೇಜಿನ ಮೇಲೆ ಇನ್ನೊಂದು ಕಡತವಿತ್ತು. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಕೊಟ್ಟ ಶಿಫಾರಸುಗಳು ದೆಹಲಿಯಲ್ಲಿ ಧೂಳು ತಿನ್ನುತ್ತಿದ್ದಾಗ ಅವುಗಳ ಬುನಾದಿಯ ಮೇಲೆ ಕರ್ನಾಟಕ 1983ರಲ್ಲಿ ಒಂದು ಕಾನೂನು ಮಾಡಿತು. ಜಿಲ್ಲಾ ಪರಿಷತ್ತು, ತಾಲೂಕು ಪಂಚಾಯತ್ ಸಮಿತಿ, ಮಂಡಲ ಪಂಚಾಯತ್. ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಸುಮಾರು ಎರಡೂವರೆ ಸಾವಿರ ಮಂಡಲಗಳು. ಶೇಕಡಾ 25ರಷ್ಟು ಸ್ಥಾನ ಹೆಂಗಸರಿಗೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಇನ್ನೂ ದೊಡ್ಡ ಮಾತೆಂದರೆ, ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ ಆ ಅಧ್ಯಕ್ಷರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡಬೇಕು. ಬ್ರಿಟಿಷರ ಕಾಲದಿಂದ ಕಲೆಕ್ಟರ್ ಸಾಹೇಬರ ಎದುರು ಕೈಕಟ್ಟಿ ನಿಂತ ಹಳ್ಳಿಗನಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅರ್ಥವಾಗಿ ನಿದ್ದೆಗೆಟ್ಟವರು ಶಾಸಕರು. ಶಾಲೆಯ ಮೇಷ್ಟ್ರ ವರ್ಗಾವಣೆ, ಆಸ್ಪತ್ರೆಗೆ ನರ್ಸು, ರಸ್ತೆಗೆ ಜಲ್ಲಿ, ಇದಕ್ಕೆಲ್ಲ ಜನ ಯಾರ ಮನೆ ಬಾಗಿಲಿಗೆ ಬರಬೇಕು? ಶಾಸಕನಾಗಿದ್ದುಕೊಂಡೇ ಶಾಸಕರ ಕೈಯಿಂದ ಈ ಬಾಗಿಲನ್ನು ಕಿತ್ತು ಹಳ್ಳಿಗೆ ಹೊತ್ತುಕೊಂಡು ಹೋದ ಮನುಷ್ಯ ನಜೀರ್ ಸಾಬ್. ಪೂರ್ತಿ ಹೊರಲಿಕ್ಕೆ ಬಿಡಲಿಲ್ಲವೆನ್ನುವುದೂ ನಿಜ. ಆ ಕಾನೂನಿನಲ್ಲಿ ತಾಲೂಕು ಸಮಿತಿಗೆ ಚುನಾವಣೆ ಇರಲಿಲ್ಲ. ಅಧ್ಯಕ್ಷರು ಕ್ಷೇತ್ರದ ಶಾಸಕರೇ. ಜಿಲ್ಲಾ ಪರಿಷತ್ತಿನಲ್ಲೂ ಅವರಿಗೊಂದು ಕುರ್ಚಿ. ಇದು ರಾಜಿ. ಮೇಲಿನದನ್ನೂ ಕೆಳಗಿನದನ್ನೂ ಉಳಿಸಿಕೊಳ್ಳಲು ನಡುವಿನದನ್ನು ಬಿಟ್ಟುಕೊಟ್ಟರೆಂದು ನಾವು ತಿಳಿದಿದ್ದೇವೆ. ಬಿಟ್ಟುಕೊಟ್ಟ ಆ ನಡುವಿನಿಂದಲೇ ಮುಂದೆ ಎಲ್ಲ ಸೋರಿತು ಅನ್ನುವುದು ಬೇರೆ ಮಾತು.

ನಮ್ಮ ಖಾಲಾ ಒಬ್ಬರು ಆ ಚುನಾವಣೆಯಲ್ಲಿ ಮಂಡಲ ಪಂಚಾಯತ್ ಸದಸ್ಯೆಯಾದರು. ಹೆಬ್ಬೆಟ್ಟಿನವರು. ಮೊದಲ ಸಭೆಗಳಿಗೆ ಖಾಲೂ ಜೊತೆಗೆ ಹೋಗಿ ಕಿಟಕಿಯ ಹೊರಗೆ ನಿಂತು ಸನ್ನೆ ಮಾಡುತ್ತಿದ್ದರಂತೆ. ಗಂಡಸರು ದಾರ ಎಳೆಯುವ ಗೊಂಬೆಗಳು ಇವರು ಎಂದು ಪಟ್ಟಣದವರು ಆಡಿಕೊಂಡದ್ದು ಸುಳ್ಳಲ್ಲ. ಆದರೆ ವರ್ಷ ತಿರುಗುವಷ್ಟರಲ್ಲಿ ಖಾಲೂ ಮನೆಯಲ್ಲಿ ಉಳಿದರು. ಪಂಪಿನ ವಾಷರ್ ಸವೆದರೆ ಇಷ್ಟು ದಿನದೊಳಗೆ ಬದಲಾಗಬೇಕೆಂದು ಖಾಲಾ ಸಭೆಯಲ್ಲಿ ಬರೆಸಿದರು. ಬರೆದುಕೊಂಡ ಕಾರ್ಯದರ್ಶಿ ಅಸಡ್ಡೆ ಮಾಡಿದಾಗ ಮುಂದಿನ ಸಭೆಯಲ್ಲಿ ಆ ಪುಟವನ್ನೇ ಓದಿಸಿದರು. ಓದು ಬಾರದವರಿಗೆ ಓದಿಸುವುದು ಗೊತ್ತಿತ್ತು!

1992ರ ಜನವರಿಗೆ ಐದು ವರ್ಷ ಮುಗಿಯಿತು. ಆಗಿದ್ದ ಕಾಂಗ್ರೆಸ್ ಸರಕಾರ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿತು. ಸಂವಿಧಾನದ 73ನೇ ತಿದ್ದುಪಡಿ ಬಂದ ಮೇಲೆ 1993ರಲ್ಲಿ ಹೊಸ ಕಾನೂನಾಯಿತು. ಹೆಂಗಸರ ಮೀಸಲಾತಿ ಹೆಚ್ಚಿತು, ಅದು ಒಳ್ಳೆಯದೇ. ಆದರೆ ಜಿಲ್ಲಾ, ತಾಲೂಕು ಪಂಚಾಯತ್ ಅಧ್ಯಕ್ಷರ ಅವಧಿಯನ್ನು 20 ತಿಂಗಳಿಗೆ ಇಳಿಸಿದರು. ಕುರ್ಚಿ ಬೆಚ್ಚಗಾಗುವ ಮೊದಲೇ ಎಬ್ಬಿಸುವ ಉಪಾಯ ಇದು. ಇತ್ತ ಶಾಸಕರ ಕುರ್ಚಿಗಳು ಒಂದೊಂದಾಗಿ ಹೆಚ್ಚಿದವು. ಆಶ್ರಯ ಸಮಿತಿಗೆ ಅವರೇ ಅಧ್ಯಕ್ಷರು, ಬಗರ್‌ಹುಕುಂ ಸಮಿತಿಗೆ ಅವರೇ, ತಾಲೂಕು ಕೆಡಿಪಿ ಸಭೆಗೆ ಅವರೇ. ಕೈಗೊಂದು ಪ್ರದೇಶಾಭಿವೃದ್ಧಿ ನಿಧಿ ಬೇರೆ. ಕಾನೂನು ಮಾಡಲಿ ಎಂದು ಬೆಂಗಳೂರಿಗೆ ಕಳಿಸಿದವರು ಊರಿನ ಚರಂಡಿಯ ಭೂಮಿಪೂಜೆಗೆ ಸಲಿಕೆ ಹಿಡಿದು ನಿಂತರು.

ಖಾಲಾ ಅವಧಿ ಮುಗಿದು ಹತ್ತು ಹನ್ನೆರಡು ವರ್ಷವಾದ ಮೇಲೆ ಒಮ್ಮೆ ಪಂಪು ಕೆಟ್ಟಿತು. ಅರ್ಜಿ ಹಿಡಿದು ಶಾಸಕರ ಮನೆಗೆ ಹೋದರು. ನಾವೇ ಬರೆದುಕೊಟ್ಟ ಅರ್ಜಿ, ಕನ್ನಡ ಬರುತ್ತದೆಂದು ನಮ್ಮನ್ನು ಜೊತೆಗೂ ಕರೆದೊಯ್ದಿದ್ದರು. ಗೇಟಿನ ಹೊರಗೆ ಮೂರು ಗಂಟೆ ನಿಂತೆವು. ಒಳಗಿಂದ ಬಂದ ಹುಡುಗ ಅರ್ಜಿ ತೆಗೆದುಕೊಂಡು, ನಿಮ್ಮ ಕೇರಿಯ ಓಟು ಯಾವ ಕಡೆ ಎಂದು ಕೇಳಿದ. ಸ್ವತಃ ನಿರ್ಣಯ ಬರೆಸಿದ ಹೆಂಗಸು ಅಂದು ಸೆರಗು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡರು. ಉತ್ತರ ಕೊಡಲಿಲ್ಲ.

ಇದು ಒಂದೇ ಪಕ್ಷದ ಪಾಪವಲ್ಲ. 2016ರಲ್ಲಿ ಚುನಾಯಿತವಾದ ಜಿಲ್ಲಾ, ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿಯಿತು. ಅಂದಿನ ಬಿಜೆಪಿ ಸರಕಾರ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೊಂದು ಆಯೋಗಕ್ಕೆ ಕೊಟ್ಟಿತು. 2023ರಲ್ಲಿ ಕಾಂಗ್ರೆಸ್ ಬಂತು. ಸರಕಾರ ಬದಲಾಯಿತು, ನೆಪ ಬದಲಾಯಿತು. ನಾಲ್ಕು ವರ್ಷ ಕಳೆದರೂ ಮತಪೆಟ್ಟಿಗೆ ಬರಲಿಲ್ಲ. ಎದುರುಬದುರು ಕೂತು ಎಲ್ಲದಕ್ಕೂ ಕೂಗಾಡುವ 224 ಮಂದಿಯಲ್ಲಿ ಇದಕ್ಕಾಗಿ ಸದನದ ಬಾವಿಗಿಳಿಯುವ ಆತುರ ಯಾರಿಗೂ ಕಾಣಲಿಲ್ಲ. ಇವರೇ ವರ್ಷಕ್ಕೊಮ್ಮೆ ನೀರ್‌ಸಾಬರ ಗುಣಗಾನ ಮಾಡುವವರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ನಜೀರ್ ಸಾಬರ ಹೆಸರಿದೆ. ಪಂಚಾಯತ್ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಯದು. ಸದಸ್ಯರೇ ಇಲ್ಲದ ಜಿಲ್ಲಾ ಪಂಚಾಯತ್‌ಗೆ ಏನು ತರಬೇತಿ?

ಈಗ ನಮ್ಮವರ ಕಡೆ ಬರೋಣ. ನಜೀರ್ ಸಾಬರು ಕೌಮಿಗೆ ಏನು ಮಾಡಿದರು ಎಂದು ಚಹಾದಂಗಡಿಯಲ್ಲಿ ಕೇಳುವ ಹಿರಿಯರನ್ನು ನಾವು ಬಲ್ಲೆವು. ಶಾದಿಮಹಲ್ ಎಷ್ಟು, ಖಬರಸ್ತಾನದ ಕಾಂಪೌಂಡು ಎಷ್ಟು? ಚುನಾವಣೆ ಬಂದಾಗ ಯಾವ ಪಕ್ಷ ನಮಗೆಷ್ಟು ಟಿಕೆಟು ಕೊಟ್ಟಿತೆಂದು ಬೆರಳು ಮಡಚುತ್ತೇವೆ, ಸಂಪುಟದಲ್ಲಿ ನಮ್ಮವರೆಷ್ಟು ಎಂದು ಇನ್ನೊಮ್ಮೆ ಮಡಚುತ್ತೇವೆ. ಹಳ್ಳಿಯ ಒಬ್ಬ ಬಡ ಮುಸ್ಲಿಂ ಹೆಂಗಸು ಕೈಕಟ್ಟದೆ ಕುರ್ಚಿಯ ಮೇಲೆ ಕೂತದ್ದು ಯಾರ ಬೆರಳಿನ ಲೆಕ್ಕಕ್ಕೂ ಬರಲಿಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ದಲಿತ ಹೆಂಗಸು ಕೂತಿದ್ದಳು. ಇಬ್ಬರಿಗೂ ಬಾಗಿಲು ಒಂದೇ ಕಾನೂನಿನಿಂದ ತೆರೆದಿತ್ತು. ಇದನ್ನು ಕೌಮಿನ ಕೆಲಸವೆಂದು ಕರೆಯಲಾರದಷ್ಟು ನಮ್ಮ ಕೌಮು ಚಿಕ್ಕದಾಗಿದ್ದರೆ ತಪ್ಪು ನಜೀರ್ ಸಾಬರದಲ್ಲ.

ಇನ್ನು, 'ಅವರಂತೆ ಇರಿ' ಎನ್ನುವವರು. ನೀರು ಕೊಟ್ಟು ಸುಮ್ಮನಿರುವ ಸಾಬ ಇವರಿಗೆ ಬೇಕು. ಕೊಡವರ ನಾಡಿನಿಂದ ಬೀದರಿನವರೆಗೆ ಬಾಯಾರಿದವರಿಗೆ ನೀರು ಕೊಡಲಿ, ಆಮೇಲೆ ಫೋಟೋದಲ್ಲಿ ಕೂರಲಿ. ಅಧಿಕಾರ ಹಂಚಿ ಎಂದ ಸಾಬನನ್ನು ನೆನೆದರೆ ತಮ್ಮ ಕುರ್ಚಿ ಅಲುಗುತ್ತದೆ. ಆದ್ದರಿಂದಲೇ ಅವರನ್ನು ಬೋರ್‌ವೆಲ್ಲಿನೊಳಗೆ ಇಳಿಸಿ ಮೇಲೆ ಹಾರ ಹಾಕಿದ್ದಾರೆ. ಆ ಬೋರ್‌ವೆಲ್ಲೂ ಈಗ ಒಣಗಿದೆ. ಕೋಲಾರದ ಕಡೆ ಸಾವಿರ ಅಡಿ ದಾಟಿ ಕೊರೆದರೂ ಧೂಳು ಬರುವ ಊರುಗಳಿವೆ.

ಮುಂದಿನ ಸೌಹಾರ್ದ ಸಭೆಗೂ ನಮ್ಮನ್ನು ಕರೆದರೆ ಹೋಗುತ್ತೇವೆ. ತುದಿಯ ಕುರ್ಚಿಯೇ ಇರಲಿ. ಶಾಸಕರು ನೀರ್‌ಸಾಬರ ಹೆಸರೆತ್ತಿದ ಕೂಡಲೇ ಎದ್ದು ನಿಂತು, ನಿಮ್ಮ ಜಿಲ್ಲಾ ಪಂಚಾಯತ್‌ಗೆ ಕೊನೆಯ ಸಲ ಚುನಾವಣೆ ಆದದ್ದು ಯಾವಾಗ ಸ್ವಾಮಿ ಎಂದು ಕೇಳುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಇದನ್ನು ಓದಿದ ಮೇಲೆ ಸಂಘಟಕರು ಕರೆಯುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು.