ದೇವತೆಗಳ ನಗರದಲ್ಲಿ ಊಟದ ಚಿಂತೆ

ಪರದೇಶಕ್ಕೆ ಹೊರಡುವ ನಮ್ಮವರಲ್ಲಿ ಎರಡು ಪಂಗಡಗಳುಂಟು. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಡುವವರು ಒಂದು. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಡುವವರು ಇನ್ನೊಂದು. ಈ ಎರಡು ಪಂಗಡದವರು ಗಂಡಹೆಂಡಿರಾಗಿಬಿಟ್ಟರೆ ಪ್ರವಾಸದ ಸೊಗಸೇ ಬೇರೆ. ಬೆಂಗಳೂರಿನ ಬಸವನಗುಡಿಯ ಶ್ರೀಯುತರೊಬ್ಬರು, ಮದುವೆಯಾದ ಮೂವತ್ತೆರಡನೆಯ ವರ್ಷದಲ್ಲಿ, ಕೆಲಸದಿಂದ ನಿವೃತ್ತರಾದ ಮರುತಿಂಗಳಲ್ಲಿ, ಶ್ರೀಮತಿಯವರೊಡನೆ ಬ್ಯಾಂಕಾಕಿಗೆ ಹೊರಟುದು ಇಂತಹ ಸೊಗಸಿನಲ್ಲಿಯೇ. ಏಪ್ರಿಲ್ಲಿನ ಕೊನೆಯ ವಾರ. ಆಗ ಟಿಕೆಟ್ಟು ಅಗ್ಗವೆಂದು ಮಗ ಹೇಳಿದ್ದ. ಏಕೆ ಅಗ್ಗವೆಂದು ಯಾರೂ ಕೇಳಿರಲಿಲ್ಲ.

ಶ್ರೀಯುತರಿಗೆ ವಿಮಾನದಿಂದ ಇಳಿದ ಕೂಡಲೇ ಪರಮಾನಂದ. ನಿಲ್ದಾಣದ ಹೆಸರೇ ಸುವರ್ಣಭೂಮಿ. ಊರಿನ ಹೆಸರು ಇನ್ನೂ ಸೊಗಸು. ಬ್ಯಾಂಕಾಕ್ ಎಂಬುದು ಹೊರಗಿನವರ ಬಾಯಲ್ಲಿ ನಿಂತ ಹೆಸರು. ಅಲ್ಲಿಯ ಜನ ಅದನ್ನು ಕ್ರುಂಗ್ ಥೇಪ್, ಎಂದರೆ ದೇವತೆಗಳ ನಗರ, ಎನ್ನುತ್ತಾರೆ. ಪೂರ್ಣ ನಾಮಧೇಯವನ್ನು ಹೇಳಹೊರಟರೆ ಒಂದು ಉಸಿರು ಸಾಲದು. ಅದರಲ್ಲಿ ಮಹಾನಗರವಿದೆ, ರತ್ನವಿದೆ, ಅಯೋಧ್ಯೆಯಿದೆ. ಇಂದ್ರನ ಅಪ್ಪಣೆಯಂತೆ ಇದನ್ನು ಕಟ್ಟಿದವನು ವಿಶ್ವಕರ್ಮನೆಂಬ ಷರಾ ಕೊನೆಯಲ್ಲಿದೆ. ಇದನ್ನೆಲ್ಲ ಶ್ರೀಯುತರು ಬಾಡಿಗೆಯ ಕಾರಿನಲ್ಲಿ ವಿವರಿಸುತ್ತಿದ್ದಾಗ ಶ್ರೀಮತಿಯವರು ಸೆರಗಿನಿಂದ ಕತ್ತನ್ನು ಒರೆಸಿಕೊಂಡು, "ಇಂದ್ರನಿಗೆ ಸೆಖೆಯಾಗುವುದಿಲ್ಲವೇನೋ!" ಎಂದರಂತೆ.

ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಏಪ್ರಿಲ್ಲಿನಲ್ಲಿ ಆ ಊರಿನ ಮಧ್ಯಾಹ್ನ 35 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಅಷ್ಟು ಬಿಸಿಲು ಈಗ ಬೆಂಗಳೂರಿಗೂ ಹೊಸದಲ್ಲ. ಆದರೆ ಬೆಂಗಳೂರಿನ ಬಿಸಿಲಿಗೆ ಸಂಜೆಯೆಂಬ ಒಂದು ದಾಕ್ಷಿಣ್ಯವಿದೆ. ಸಮುದ್ರವು ಹತ್ತಿರವಿರುವ, ನದಿಯೊಂದು ನಡುವೆ ಹರಿಯುವ ಈ ತಗ್ಗುನೆಲದಲ್ಲಿ ಗಾಳಿಯೇ ಒದ್ದೆಯ ಕಂಬಳಿಯಂತೆ ಮೈಗೆ ಅಂಟಿಕೊಳ್ಳುತ್ತದೆ. ರಾತ್ರಿಯಲ್ಲಿಯೂ 26-27ರ ಆಸುಪಾಸಿನಲ್ಲಿಯೇ ಉಷ್ಣವು ನಿಂತುಬಿಡುತ್ತದೆ.

ಶ್ರೀಯುತರ ಪಟ್ಟಿಯಲ್ಲಿ ಹದಿನಾಲ್ಕು ಸ್ಥಳಗಳಿದ್ದುವು. ಕೈಯಲ್ಲಿದ್ದುದು ನಾಲ್ಕು ದಿನ. ಮೊದಲನೆಯ ದಿನವೇ, ಬೆಳಗ್ಗೆ ಹನ್ನೊಂದು ಗಂಟೆಗೆ, ಅವರು ಶ್ರೀಮತಿಯವರನ್ನು ಅರಮನೆಯ ಮುಂದೆ ನಿಲ್ಲಿಸಿದರು. ಹೋಟೆಲಿನ ಉಪಾಹಾರದಲ್ಲಿ ಆಕೆ ತೆಗೆದುಕೊಂಡಿದ್ದುದು ಎರಡು ಬಾಳೆಯಹಣ್ಣು. ಅರಮನೆಯ ಗೋಡೆಯ ಬಳಿ ಸೌಮ್ಯಮುಖದ ಒಬ್ಬಾತ ಬಂದು, ಅರಮನೆಯು ಇಂದು ಮುಚ್ಚಿದೆಯೆಂದೂ ತನ್ನ ಗುರುತಿನ ಮೂರು ಗಾಲಿಯ ಗಾಡಿಯಲ್ಲಿ ಬೇರೆ ದೇವಾಲಯಗಳನ್ನು ತೋರಿಸುವೆನೆಂದೂ ಹೇಳಿದ. ಇದು ಆ ಊರಿನ ಹಳೆಯ ವಂಚನೆ. ಆ ಗಾಡಿ ಕೊನೆಗೆ ನಿಲ್ಲುವುದು ಹರಳಿನಂಗಡಿಯ ಮುಂದೆ. ಶ್ರೀಯುತರು ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟೂ ಆಗಿತ್ತು. "ಮುಚ್ಚಿದ್ದರೆ ಅಷ್ಟು ಜನ ಒಳಕ್ಕೆ ಹೇಗೆ ಹೋಗುತ್ತಿದ್ದಾರೆ?" ಎಂದು ಕೇಳಿದವರು ಶ್ರೀಮತಿಯವರು.

1782ರಲ್ಲಿ, ಚಕ್ರೀ ವಂಶದ ಮೊದಲನೆಯ ರಾಮನ ಕಾಲದಲ್ಲಿ, ಕಟ್ಟತೊಡಗಿದ ಅರಮನೆ ಅದು. ಅದರ ಆವರಣದಲ್ಲಿಯೇ ಮರಕತಬುದ್ಧನ ಗುಡಿ. ಹೆಸರು ಮರಕತವಾದರೂ ಕಲ್ಲು ಹಸಿರು ಜೇಡ್. ಎತ್ತರ 66 ಸೆಂಟಿಮೀಟರು. ಬೇಸಗೆ, ಮಳೆ, ಚಳಿ ಎಂಬ ಮೂರು ಕಾಲಗಳಿಗೆ ಆ ಮೂರ್ತಿಗೆ ಮೂರು ಬಗೆಯ ಉಡುಪು. ಬದಲಾಯಿಸುವವನು ಸಾಕ್ಷಾತ್ ಅರಸನು. ಸುತ್ತಲಿನ ಪೌಳಿಯ ಗೋಡೆಯ ಮೇಲೆ 178 ಭಾಗಗಳಲ್ಲಿ ರಾಮಕಿಯೆನ್, ಎಂದರೆ ಅಲ್ಲಿಯ ರಾಮಾಯಣ, ಚಿತ್ರಿತವಾಗಿದೆ. ಆ ರಾಮಾಯಣದ ಹನುಮಂತನು ಬ್ರಹ್ಮಚಾರಿಯಲ್ಲ. ಸೇತುವೆಗೆ ತಡೆಯೊಡ್ಡಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆಯೊಬ್ಬಳು, ಆತನಿಗೆ ಒಲಿಯುತ್ತಾಳೆ. ಪ್ರತಿ ಶನಿವಾರ ಕಾರಂಜಿ ಆಂಜನೇಯನ ಗುಡಿಗೆ ತಪ್ಪದೆ ಹೋಗುವ ಶ್ರೀಮತಿಯವರು ಇದನ್ನು ಕೇಳಿ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ಕುಳಿತದ್ದು ಹನುಮಂತನ ದೆಸೆಯಿಂದಲ್ಲ, ಕಣ್ಣು ಕತ್ತಲೆಗಟ್ಟಿದ್ದರಿಂದ, ಎಂಬುದು ಶ್ರೀಯುತರಿಗೆ ತಿಳಿಯಲು ಐದು ನಿಮಿಷ ಬೇಕಾಯಿತು. ಆ ಐದು ನಿಮಿಷವೂ ಅವರು ಚಿತ್ರಗಳನ್ನು ವಿವರಿಸುತ್ತಿದ್ದರು. ಎಳನೀರು ಕುಡಿಸಿ ಹೋಟೆಲಿಗೆ ಕರೆತಂದರು.

ಅಂದಿನ ರಾತ್ರಿ ಚೀನೀಯರ ಪೇಟೆ. ಯುವರಾಜನೊಬ್ಬನ ಹೆಸರಿನ ಯಾವೊರಾಟ್ ಬೀದಿ. ಕೆಂಪು ದೀಪಗಳು, ಕಾಲುದಾರಿಯ ಉದ್ದಕ್ಕೂ ಒಲೆಗಳು. ಶ್ರೀಯುತರು ಮಾಂಸ ಬೇಡವೆಂದು ಕೈಸನ್ನೆಯಿಂದ ತಿಳಿಸಿದರು. ಅಂಗಡಿಯವಳು ನಗುತ್ತ ತಲೆಯಾಡಿಸಿದಳು. ಬಂದ ತಟ್ಟೆಯಲ್ಲಿ ಅಕ್ಕಿಯ ಶಾವಿಗೆ, ಮೊಳಕೆ ಕಾಳು, ಕಡಲೆಕಾಯಿಯ ಪುಡಿ, ಹುಣಸೆಯ ಹುಳಿ. ನೋಟಕ್ಕೆ ಎಲ್ಲವೂ ನೆಂಟರೇ. ಆದರೆ ಹಬೆಯೊಡನೆ ಇನ್ನೊಂದು ವಾಸನೆಯೂ ಎದ್ದಿತು. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಯಿಸಿ ಬಸಿದ ನಾಮ್ ಪ್ಲಾ ಎಂಬ ರಸ ಅಲ್ಲಿಯ ಅಡುಗೆಗೆ ನಮ್ಮ ಉಪ್ಪಿನ ಹಾಗೆ. ಅಂಗಡಿಯವಳು ಸುಳ್ಳಾಡಿರಲಿಲ್ಲ, ಮಾಂಸವನ್ನು ಬಿಡು ಎಂದರೆ ತುಂಡುಗಳನ್ನು ಬಿಡಬೇಕೆಂದು ಅವಳ ತಿಳಿವಳಿಕೆ.

ಶ್ರೀಮತಿಯವರು ತಟ್ಟೆಯನ್ನು ಮೆಲ್ಲನೆ ಸರಿಸಿದರು. ಹಸಿವು ಶ್ರೀಯುತರಿಗೂ ಇತ್ತು. "ಇಷ್ಟು ದೂರ ಬಂದು ಇದನ್ನೆಲ್ಲ ನೋಡಿದರೆ ಆಗುತ್ತದೆಯೇ? ಇಲ್ಲಿ ಯಾರು ನೋಡುತ್ತಾರೆ?" ಎಂದು ಆ ಮಹನೀಯರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ತಿಂದರು. ಆಕೆ ಏನನ್ನೂ ಹೇಳಲಿಲ್ಲ. ಎದುರಿಗೆ ನೀರಿನ ಲೋಟವನ್ನು ಹಿಡಿದುಕೊಂಡು, ಅವರು ತಿಂದು ಮುಗಿಸುವವರೆಗೂ ಕಾದಿದ್ದು, ಬಳಿಕ ಕೋಣೆಗೆ ಬಂದು ಅವಲಕ್ಕಿಗೆ ನೀರು ಚಿಮುಕಿಸಿದರು. ಜಗಳವಾಗಿದ್ದರೆ ಶ್ರೀಯುತರು ನೆಮ್ಮದಿಯಿಂದ ಮಲಗುತ್ತಿದ್ದರು. ಅಂಗಡಿಯಲ್ಲಿ ತಾನು ಕೇಳಿದ ಪ್ರಶ್ನೆಗೆ ಉತ್ತರವು ಎದುರಿಗೇ ಕುಳಿತಿತ್ತೆಂಬುದು ಅವರಿಗೆ ಹೊಳೆದುದು ಕತ್ತಲೆಯಲ್ಲಿ, ನಿದ್ದೆ ಬಾರದೆ ಹೊರಳುತ್ತಿದ್ದಾಗ. ನಿಜಕ್ಕೂ ಸಿಲೋಮ್ ಬೀದಿಯ ಮಾರಿಯಮ್ಮನ ಗುಡಿಯ ಆಸುಪಾಸಿನಲ್ಲಿ ಹುಡುಕಿದ್ದರೆ ನಮ್ಮ ಕಡೆಯ ಊಟ ಸಿಕ್ಕುತ್ತಿತ್ತು. ಆದರೆ ಸಮುದ್ರವನ್ನು ದಾಟಿ ಬಂದು ದೋಸೆ ತಿನ್ನುವುದು ಅವಮಾನವೆಂದು ಅವರು ಮೊದಲೇ ತೀರ್ಮಾನಿಸಿದ್ದರು. ಹೀಗೆ ತೀರ್ಮಾನಿಸುವವರು ಸಾಮಾನ್ಯವಾಗಿ ಗಂಡಸರೇ.

ಮರುದಿನ ಬೆಳಗ್ಗೆ ಆರು ಗಂಟೆಗೆ, ಪಟ್ಟಿಯನ್ನು ಮೇಜಿನ ಮೇಲೆಯೇ ಬಿಟ್ಟು, ಅವರು ಹೋಟೆಲಿನ ಹುಡುಗಿಯ ಬಳಿ ಹೋಗಿ ವಿಚಾರಿಸಿದರು. ಆಕೆ ಮೀನೂ ಬೇಡವೇ ಎಂದು ಕೇಳಿದಳು, ಮೊಟ್ಟೆ? ಬೆಳ್ಳುಳ್ಳಿ? ಕೊನೆಗೆ ಒಂದು ಚೀಟಿಯ ಮೇಲೆ ಎರಡು ಅಕ್ಷರಗಳನ್ನು ಬರೆದುಕೊಟ್ಟು "ಜೇ" ಎಂದಳು. ಹಳದಿಯ ಬಾವುಟದ ಮೇಲೆ ಕೆಂಪಿನಲ್ಲಿ ಈ ಅಕ್ಷರಗಳಿರುವ ಅಂಗಡಿಯನ್ನು ಹುಡುಕಬೇಕು. ಚೀನೀ ಮೂಲದ ಬೌದ್ಧರು ವ್ರತಕ್ಕಾಗಿ ಉಣ್ಣುವ ಅಡುಗೆ ಅದು. ಚಾಂದ್ರಮಾನದ ಒಂಬತ್ತನೆಯ ತಿಂಗಳಿನ ಒಂಬತ್ತು ದಿನಗಳಲ್ಲಿ ಯಾವೊರಾಟ್ ಬೀದಿಯೆಲ್ಲ ಈ ಬಾವುಟಗಳಿಂದ ತುಂಬುತ್ತದೆ, ಉಳಿದ ಕಾಲದಲ್ಲಿ ಅಲ್ಲೊಂದು ಇಲ್ಲೊಂದು. ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳಿಗೂ ನಿಷೇಧ! ಮಡಿಯ ವಿಷಯದಲ್ಲಿ ಶ್ರೀಯುತರ ತಾಯಿಯವರಿಗೆ ಸರಿಸಮನಾದವರು ಕ್ರುಂಗ್ ಥೇಪಿನಲ್ಲಿರುವರೆಂದು ಯಾರು ಎಣಿಸಿದ್ದರು?

ಬಿಸಿಲೇರುವ ಮುನ್ನವೇ, ಕಾಷಾಯಧಾರಿಗಳಾದ ಭಿಕ್ಷುಗಳು ಬರಿಗಾಲಿನಲ್ಲಿ ಪಾತ್ರೆಗಳನ್ನು ಹಿಡಿದು ಸಾಗುತ್ತಿದ್ದ ಗಲ್ಲಿಯೊಂದರಲ್ಲಿ, ಅಂತಹ ಬಾವುಟವೊಂದು ಸಿಕ್ಕಿತು. ಅಗಲವಾದ ತಟ್ಟೆಗಳಲ್ಲಿ ಸೋಯಾಗಟ್ಟಿಯ ಪಲ್ಯ, ಅಣಬೆ, ಎಲೆಕೋಸು, ತೆಂಗಿನಹಾಲಿನ ಸಾರು, ಬಿಳಿಯ ಅನ್ನ. ಅಂಗಡಿಯ ಮುದುಕಿಗೆ ಶ್ರೀಮತಿಯವರ ಮಾತು ತಿಳಿಯದು, ಶ್ರೀಮತಿಯವರಿಗೆ ಅವಳದು ತಿಳಿಯದು. ಆದರೂ ಎರಡನೆಯ ಸಲ ಅನ್ನ ಬೇಕೆಂಬುದು ಅವಳಿಗೆ ತಿಳಿಯಿತು. ಶ್ರೀಯುತರು ಅಲ್ಲಿ ಸಾರಿಗೆ ಖಾರ ಹೆಚ್ಚೆಂದು ಕೂಡ ದೂರಲಿಲ್ಲ.

ಅಂದಿನಿಂದ ಆಡಳಿತವು ಶ್ರೀಮತಿಯವರ ಕೈಗೆ ಬಂದಿತು. ಬೆಳಗ್ಗೆ ಹತ್ತರವರೆಗೆ ಸುತ್ತಾಟ, ನಾಲ್ಕರವರೆಗೆ ಕೋಣೆಯ ತಂಪಿನಲ್ಲಿ ನಿದ್ದೆ, ಬಳಿಕ ಮತ್ತೆ ಹೊರಗೆ. ಆ ಊರಿನ ಜನರೂ ಬಿಸಿಲಿನೊಡನೆ ಕುಸ್ತಿಗಿಳಿಯದೆ ನೆರಳಿನಿಂದ ನೆರಳಿಗೆ ನಡೆಯುವವರೇ. ವಾಟ್ ಫೋ ದೇವಾಲಯದಲ್ಲಿ 46 ಮೀಟರು ಉದ್ದ ಮಲಗಿರುವ ಬುದ್ಧನನ್ನೂ, ಮುತ್ತಿನ ಚಿಪ್ಪಿನಲ್ಲಿ 108 ಮಂಗಳಚಿಹ್ನೆಗಳನ್ನು ಕೆತ್ತಿ ಕೂರಿಸಿದ ಆತನ ಅಂಗಾಲುಗಳನ್ನೂ ಅವರು ಜನ ಸೇರುವ ಮುನ್ನವೇ ಕಂಡರು. ಹಿಂದಿನ ಸಾಲಿನ 108 ಕಂಚಿನ ಬಟ್ಟಲುಗಳಿಗೆ ಶ್ರೀಮತಿಯವರು ಒಂದೊಂದಾಗಿ ನಾಣ್ಯ ಹಾಕಿದರು, ಶ್ರೀಯುತರು ಎಣಿಸಿದರು. ದೋಣಿಯಲ್ಲಿ ಚಾವೊ ಫ್ರಯಾ ನದಿಯನ್ನು ದಾಟಿದರೆ, ಸೂರ್ಯನ ಸಾರಥಿಯ ಹೆಸರಿನ ವಾಟ್ ಅರುಣ್. ಅದರ ಗೋಪುರದ ಮೈಯೆಲ್ಲ ಚೀನೀ ಪಿಂಗಾಣಿಯ ಚೂರುಗಳ ಹೂಬಳ್ಳಿ. ದೂರದಿಂದ ಬೆರಗು, ಹತ್ತಿರದಿಂದ ಒಡೆದ ಬಸಿ, ಎರಡೂ ಚೆಂದ.

ಮೂರನೆಯ ದಿನ ವಾಟ್ ತ್ರೈಮಿತ್. ಅಲ್ಲಿಯ ಬುದ್ಧನು ಬಹುಕಾಲ ಗಾರೆಯ ಸಾಧಾರಣ ಮೂರ್ತಿಯೆಂದೇ ಎಲ್ಲರೂ ತಿಳಿದಿದ್ದರು. 1955ರಲ್ಲಿ ಹೊಸ ಕಟ್ಟಡಕ್ಕೆ ಸಾಗಿಸುವಾಗ ಅದು ಕೆಳಕ್ಕೆ ಬಿದ್ದು ಗಾರೆ ಒಡೆಯಿತು. ಬಿರುಕಿನಲ್ಲಿ ಕಂಡುದು ಚಿನ್ನ. ಒಟ್ಟು ಸುಮಾರು ಐದೂವರೆ ಟನ್ನು. ಶ್ರೀಯುತರು ಗೋಲ್ಡ್ ರೇಟನ್ನು ಗುಣಿಸತೊಡಗಿದರು. ಶ್ರೀಮತಿಯವರು, "ಅಷ್ಟು ವರ್ಷ ಜೊತೆಯಲ್ಲಿದ್ದವರಿಗೆ ಒಂದು ಸಲವೂ ಗೊತ್ತಾಗಲಿಲ್ಲವೇ?" ಎಂದು ಕೇಳಿ ಮುಂದಕ್ಕೆ ನಡೆದರು. ಗುಣಾಕಾರ ಅಲ್ಲಿಗೆ ನಿಂತಿತು.

ಕೊನೆಯ ಸಂಜೆ ಗಾಡಿಯೊಂದರಲ್ಲಿ ಮಾವಿನಹಣ್ಣಿನ ಜೊತೆ ಅಂಟಕ್ಕಿಯ ಅನ್ನವನ್ನು ಮಾರುತ್ತಿದ್ದರು. ಆ ಊರಿನ ಬೇಸಗೆಗೆ ಇರುವ ಒಂದೇ ಕ್ಷಮೆ ಅದು. ಬಿಸಿಯಾದ ಅನ್ನ, ಸಿಹಿ ಮಾವು, ಮೇಲೆ ತೆಂಗಿನಹಾಲು. ಮೊದಲ ಚಮಚೆಗೆ ಶ್ರೀಮತಿಯವರ ಹುಬ್ಬು ಗಂಟಾಯಿತು. ತೆಂಗಿನಹಾಲಿನಲ್ಲಿ ಉಪ್ಪಿತ್ತು. ಶ್ರೀಯುತರು ಬೆದರಿ ಚೀಟಿಯನ್ನು ತೆಗೆದು ಗಾಡಿಯವನಿಗೆ ತೋರಿಸಿದರು; ಅವನು ಉಪ್ಪಿನ ಡಬ್ಬಿಯನ್ನೇ ಎತ್ತಿ ತೋರಿಸಿದ. ಬರಿಯ ಉಪ್ಪು. ಎರಡನೆಯ ಚಮಚೆಯ ಹೊತ್ತಿಗೆ ಆಕೆ ಅಕ್ಕಿಯನ್ನು ಎಷ್ಟು ಹೊತ್ತು ನೆನೆಹಾಕಬೇಕೆಂದು ಸನ್ನೆಯಲ್ಲಿ ಕೇಳುತ್ತಿದ್ದರು.

ಹಿಂತಿರುಗುವಾಗ ಸುವರ್ಣಭೂಮಿಯ ಒಳಗೆ, ದೇವದಾನವರು ವಾಸುಕಿಯನ್ನು ಹಿಡಿದು ಸಮುದ್ರವನ್ನು ಕಡೆಯುವ ದೊಡ್ಡ ಶಿಲ್ಪದ ಮುಂದೆ, ಶ್ರೀಯುತರು ಪಟ್ಟಿಯನ್ನು ತೆಗೆದು ನೋಡಿದರು. ಹದಿನಾಲ್ಕರಲ್ಲಿ ಐದಕ್ಕೆ ಗೀಟು ಬಿದ್ದಿತ್ತು. ಕೈಚೀಲದಲ್ಲಿ ಎರಡು ಕಿಲೋ ಅಂಟಕ್ಕಿ, ಭುಜ ನೋಯುತ್ತಿತ್ತು. "ಕೊಡಿ, ಸ್ವಲ್ಪ ಹೊತ್ತು ನಾನು ಹಿಡಿಯುತ್ತೇನೆ" ಎಂದರು ಶ್ರೀಮತಿಯವರು. ಅವರು ಕೊಡಲಿಲ್ಲ.