ಒಂದು ಅಂಕ ಎಲ್ಲಿ ಹೋಯಿತು?

ಪರಿಪೂರ್ಣತೆಯ ಹಂಬಲವೇ ಪ್ರತಿಭಾವಂತ ಮಕ್ಕಳ ಇಂಧನ, ಅದನ್ನು ತಣಿಸಬೇಡಿ ಎಂದಿದೆ ಕಳೆದ ವಾರ ನಾನು ಓದಿದ ಲೇಖನವೊಂದು. ಒಪ್ಪಲಾರೆ. ಚೆನ್ನಾಗಿ ಮಾಡಬೇಕೆಂಬ ಹಟವನ್ನೂ ತಪ್ಪಿನ ಭಯವನ್ನೂ ಲೇಖಕರು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ.

ನಾನು ಪಾಠ ಮಾಡುವ ಹತ್ತನೇ ತರಗತಿಯ ಹುಡುಗಿಯೊಬ್ಬಳು ಭಾರತದ ನಕ್ಷೆ ಬರೆಯುತ್ತಿದ್ದಳು. ಕರಾವಳಿಯ ಗೆರೆ ಕೊಂಚ ವಾಲಿತೆಂದು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಯಿತು. ಅದನ್ನು ಹರಿದು ಮತ್ತೆ ಶುರು. ಕೊನೆಗೆ ನಕ್ಷೆಯನ್ನೇ ಒಪ್ಪಿಸಲಿಲ್ಲ. ಉತ್ತರ ಖಚಿತವಿಲ್ಲದ ಲೆಕ್ಕಕ್ಕಂತೂ ಕೈಯೇ ಹಾಕುತ್ತಿರಲಿಲ್ಲ. ಇದು ಇಂಧನವೇ? ಗಾಡಿ ನಿಂತೇ ಹೋಗಿತ್ತಲ್ಲ!

ಈ ಭಯವನ್ನು ನಾವೇ ತುಂಬುತ್ತೇವೆ. ಅಮೆರಿಕ, ಕೆನಡಾ, ಬ್ರಿಟನ್ನಿನ 41,641 ಕಾಲೇಜು ವಿದ್ಯಾರ್ಥಿಗಳ ಬಗ್ಗೆ 1989ರಿಂದ 2016ರವರೆಗೆ ಸಂಗ್ರಹವಾದ ಮಾಹಿತಿಯನ್ನು ಸಂಶೋಧಕರಾದ ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಒಟ್ಟುಗೂಡಿಸಿ ನೋಡಿದರು. ಎಲ್ಲಕ್ಕಿಂತ ಹೆಚ್ಚಾಗಿ ಏರಿದ್ದು ‘ಉಳಿದವರು ನನ್ನಿಂದ ಪರಿಪೂರ್ಣತೆ ಬಯಸುತ್ತಾರೆ’ ಎಂಬ ಭಾವನೆ, ಶೇ 33ರಷ್ಟು. ನಮ್ಮಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ತೆಗೆದವರಿಗೆ ಫ್ಲೆಕ್ಸ್. 624 ತೆಗೆದ ಮಗುವಿಗೆ ಮನೆಯಲ್ಲಿ ಒಂದೇ ಪ್ರಶ್ನೆ, ಆ ಒಂದು ಅಂಕ ಎಲ್ಲಿ ಹೋಯಿತು?

ಆ ನಕ್ಷೆಯ ಹುಡುಗಿಯ ವಿಷಯದಲ್ಲಿ ನಾನು ಮಾಡಿದ್ದಿಷ್ಟೇ. ರಬ್ಬರ್ ತೆಗೆದಿರಿಸಿ ಪೆನ್ನಿನಲ್ಲಿ ಲೆಕ್ಕ ಮಾಡಿಸಿದೆ. ತಪ್ಪಿದ ಹೆಜ್ಜೆಗೆ ಗೆರೆ ಎಳೆ, ಕೆಳಗೆ ಮುಂದುವರಿಸು ಎಂದೆ. ನಾನೂ ತಯಾರಿಲ್ಲದ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ, ಎಡವಿ, ತಿದ್ದಿಕೊಂಡೆ. ಮೂರು ವಾರದ ಮೇಲೆ ಆಕೆ ನಾಲ್ಕು ಕಡೆ ಗೆರೆ ಎಳೆದ ಹಾಳೆ ತಂದಳು. “ಮಿಸ್, ಉತ್ತರ ಬಂದಿಲ್ಲ. ಇಲ್ಲೀವರೆಗೆ ಬಂದಿದ್ದೀನಿ, ನೋಡಿ.”